ಕೀಲು, ಆಣಿ ಮತ್ತು ಕರ್ಣ

ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಗಳ ದೇವಾಲಯಗಳನ್ನು ಕುರಿತು ಬರೆದವರು ಶಾಸನಗಳನ್ನು ಓದಿದ್ದಾರೆ, ಬಿಂಬಗಳನ್ನು ವರ್ಣಿಸಿದ್ದಾರೆ, ಸ್ಥಳಪುರಾಣಗಳನ್ನು ಸಂಗ್ರಹಿಸಿದ್ದಾರೆ. ಆ ಕಟ್ಟೋಣಗಳಲ್ಲಿ ಮರಕ್ಕೆ ಮರವನ್ನು ಹಿಡಿಸಿ ನಿಲ್ಲಿಸಿದ ಕೀಲು ಆಣಿಗಳ ವಿಚಾರವಾಗಿ ಬರೆದುದನ್ನು ಮಾತ್ರ ನಾನು ಕಂಡಿಲ್ಲ. ವಿಷಯವು ಕ್ಷುದ್ರವೆಂದು ವಾಚಕರಿಗೆ ತೋರಬಹುದು. ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ದೇವಾಲಯದ ಸುತ್ತುಪೌಳಿಯ ಮಾಡನ್ನು ಇಳಿಸುವಾಗ ಹಾಜರಿರುವ ಪ್ರಸಂಗವು ಬಾರದಿದ್ದರೆ ನನಗೂ ಹಾಗೆಯೇ ತೋರುತ್ತಿತ್ತು.

ಅಲ್ಲಿಯ ಕಿರಾಲುಬೋಗಿಯ ತೊಲೆಗಳನ್ನು ಹಳಬರು ಒಂದರ ನಾಲಗೆಯನ್ನು ಇನ್ನೊಂದರ ತೂತಿಗೆ ಸೇರಿಸಿ, ಅಡ್ಡಲಾಗಿ ಮರದ ಕೀಲು ಹೊಡೆದು ಜೋಡಿಸಿದ್ದರು. ವೃದ್ಧರಾದ ಆಚಾರಿಯವರು ಕೀಲುಗಳನ್ನು ಒಂದೊಂದಾಗಿ ತಟ್ಟಿ ಹೊರಡಿಸಿದರು. ಮಧ್ಯಾಹ್ನದೊಳಗೆ ಒಂದು ಪಾರ್ಶ್ವದ ಮರವೆಲ್ಲವೂ ಗಾಯವಿಲ್ಲದೆ ಅಂಗಳಕ್ಕಿಳಿಯಿತು. ಒಂದು ಮೂಲೆಯಲ್ಲಿ ಮಾತ್ರ ಕೆಲಸ ನಿಂತಿತು. ಈಚಿನ ಯಾವುದೋ ದುರಸ್ತಿಯಲ್ಲಿ, ಕಮಲವನ್ನು ಕೆತ್ತಿದ ಉತ್ತರದ ತುದಿಗೆ ಹಲಗೆಯೊಂದನ್ನು ಬಳೆಬಳೆಯಾಗಿ ಮುಳ್ಳುಗಳಿರುವ ಪೇಟೆಯ ಆಣಿಗಳಿಂದ ಬಡಿದಿದ್ದರು. ಚಿಮುಟಕ್ಕೂ ಅವು ಬಾರವು, ಹಾರೆಗೂ ಬಾರವು. “ಮಾಷ್ಟ್ರೇ, ಇದು ಹೊಕ್ಕದ್ದು ಹೊರಡಲಿಕ್ಕಲ್ಲ” ಎಂದರು ಆಚಾರಿಯವರು. ಅವರು ಬೇಡವೆಂದರೂ ಅವಸರದವರೊಬ್ಬರು ಹಾರೆಯನ್ನು ಒತ್ತಿದರು. ಕಮಲವು ಸೀಳಿ ಕೈಗೆ ಬಂದಿತು.

ಅಂದಿನಿಂದ ಈ ಆಣಿಯ ಕುಲಗೋತ್ರವನ್ನು ಹುಡುಕಲಾರಂಭಿಸಿದೆನು. ಘಟ್ಟದ ಮೇಲಿನವರು ಮೊಳೆ ಎನ್ನುವುದನ್ನು ನಾವು ಆಣಿ ಎನ್ನುತ್ತೇವೆ. ಆ ಶಬ್ದವು ಅತಿ ಪ್ರಾಚೀನವಾದುದು. ಋಗ್ವೇದದ ಪ್ರಥಮ ಮಂಡಲದ 35ನೆಯ ಸೂಕ್ತದಲ್ಲಿ ರಥದ ಆಣಿಯ ಉಪಮಾನವಿದೆ. ಅದು ಅಚ್ಚಿನ ತುದಿಯಲ್ಲಿ ಚಕ್ರವು ಕಳಚದಂತೆ ತಡೆಯುವ ಕಡಾಣಿ. ಬೇಕಾದಾಗ ತೆಗೆದು ಮತ್ತೆ ಹಾಕತಕ್ಕದ್ದು. ಕೀಲೂ ಅದೇ ಜಾತಿಯದು. ಹೊಕ್ಕ ದಾರಿಯಿಂದ ಹಿಂದಿರುಗದ ಲೋಹವನ್ನು ನಮ್ಮ ಶಾಸ್ತ್ರಕಾರರು ಕಂಡದ್ದು ಮನೆ ಕಟ್ಟುವಲ್ಲಲ್ಲ, ಯುದ್ಧದಲ್ಲಿ. ಅದರ ಹಿಮ್ಮುಖವಾದ ಮುಳ್ಳಿಗೆ ಕರ್ಣವೆಂದೂ, ಅಂಥ ಬಾಣಕ್ಕೆ ಕರ್ಣಿಯೆಂದೂ ಹೆಸರು. ಸುಶ್ರುತನು ಸೂತ್ರಸ್ಥಾನದಲ್ಲಿ ಬಾಣಗಳನ್ನು ಕರ್ಣಿ, ಶ್ಲಕ್ಷ್ಣ ಎಂದು ಎರಡಾಗಿ ವಿಂಗಡಿಸಿದ್ದಾನೆ; ಶಲ್ಯವನ್ನು ಹೊಕ್ಕ ದಾರಿಯಿಂದಲೇ ತೆಗೆಯುವ ಪ್ರತಿಲೋಮ, ಮುಂದಕ್ಕೆ ನೂಕಿ ಆಚೆಯಿಂದ ತೆಗೆಯುವ ಅನುಲೋಮ ಎಂಬ ಎರಡು ಉಪಾಯಗಳನ್ನೂ ಹೇಳಿದ್ದಾನೆ. ಮನುಸ್ಮೃತಿಯ ಏಳನೆಯ ಅಧ್ಯಾಯವಾದರೋ ರಣರಂಗದಲ್ಲಿ ಕರ್ಣಿಯನ್ನು ಪ್ರಯೋಗಿಸಲೇಬಾರದೆಂದು ನಿಷೇಧಿಸಿದೆ. ಶತ್ರುವಿನ ಮೈಗೇ ಸಲ್ಲದೆಂದದ್ದನ್ನು ನಾವು ದೇವರ ಮಾಡಿಗೆ ಹೊಡೆದೆವಲ್ಲಾ ಎಂದು ಆ ದಿನ ನನಗೆ ಅನಿಸಿದ್ದುಂಟು. ಇದು ಸಿಟ್ಟಿನ ಮಾತು. ಆಣಿಯ ಪಕ್ಷವನ್ನೂ ಕೇಳಬೇಕಷ್ಟೆ.

ಹಿಂದೆ ಮುಳಿಹುಲ್ಲಿನ ಮಾಡಿಗೆ ಬಳ್ಳಿಯ ಕಟ್ಟೇ ಸಾಕಾಗಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹಂಚು ಕ್ರಮೇಣ ನಮ್ಮ ಒಳನಾಡಿಗೂ ಬಂದಿತು. ಹಂಚಿಗೆ ಆಣಿ ಬೇಡ, ಅದು ತನ್ನ ಹಲ್ಲಿನಿಂದಲೇ ರೀಪಿನ ಮೇಲೆ ಕೂರುತ್ತದೆ. ಆದರೆ ರೀಪನ್ನು ಪಕ್ಕಾಸಿಗೆ ಹೊಡೆಯಲು ಆಣಿ ಬೇಕು, ಅದೂ ನೂರಾರು. ಕಮ್ಮಾರನು ಒಂದೊಂದಾಗಿ ಬಡಿದು ಕೊಡುತ್ತಿದ್ದ ಚೌಕದ ಆಣಿಯ ಸ್ಥಾನವನ್ನು ಯಂತ್ರದಲ್ಲಿ ತಂತಿಯನ್ನು ತುಂಡರಿಸಿ ಮಾಡಿದ ದುಂಡಾಣಿಯು ಆಕ್ರಮಿಸಿತು. ಅಂಥದೊಂದನ್ನು ಕೈಯಲ್ಲಿ ಹಿಡಿದು ನೋಡಿರಿ: ತಲೆಯ ಕೆಳಗೆ ಸಣ್ಣ ಗೀರುಗಳಿರುತ್ತವೆ. ತಲೆಯನ್ನು ಒತ್ತುವಾಗ ಯಂತ್ರವು ತಂತಿಯನ್ನು ಕಚ್ಚಿ ಹಿಡಿದ ಗುರುತು ಅದು. ಉಳಿದ ಮೈ ನುಣುಪು.

ನುಣುಪಾದ ಆಣಿಯನ್ನು ಹಿಡಿದಿರುವುದು ಒತ್ತಿಗೆಯಾದ ಮರದ ನಾರಿನ ಘರ್ಷಣೆಯೊಂದೇ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಮರವು ಆಟಿಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಲೋಹವು ಹಾಗೆ ಉಬ್ಬದು, ಕುಗ್ಗದು. ಈ ಎಳೆದಾಟದಲ್ಲಿ ಹಿಡಿತವು ಸಡಿಲವಾಗಿ ಆಣಿಯು ವರ್ಷವರ್ಷವೂ ಕೂದಲೆಳೆಯಷ್ಟು ಮೇಲೇಳುತ್ತದೆ. ಹಸಿಮರಕ್ಕೆ ಹೊಡೆದಿದ್ದರಂತೂ ಮರ ಒಣಗಿದ ಮೇಲೆ ಅದು ಕೈಯಿಂದಲೇ ಬರುವುದುಂಟು. ಇದಕ್ಕೆ ಹಳಬರು ಬಾಗಿಲಿನ ಪಟ್ಟಿಗಳಲ್ಲಿ ಆಣಿಯ ತುದಿಯನ್ನು ಆಚೆ ಹೊರಡಿಸಿ ಮಡಿಸುತ್ತಿದ್ದರು. ಮಡಿಸಿದ್ದನ್ನು ನೇರ ಮಾಡಿದರೆ ಬಾಗಿಲು ಬಿಚ್ಚುತ್ತದೆ.

ಮುಳ್ಳಾಣಿಯು ಅದೇ ರೋಗಕ್ಕೆ ಬೇರೆ ಔಷಧ. ಅದರ ಪ್ರತಿಯೊಂದು ಬಳೆಯೂ ಮೊನೆಯ ಕಡೆಗೆ ಓರೆ, ತಲೆಯ ಕಡೆಗೆ ಕಡಿದು. ಹೊಗುವಾಗ ನಾರು ಬಾಗಿ ದಾರಿ ಕೊಡುತ್ತದೆ; ಹೊಕ್ಕ ಮೇಲೆ ಬಳೆಗಳ ಸಂದಿನಲ್ಲಿ ಮರಳಿ ನಿಮಿರಿ ಬೆಣೆಯಂತೆ ಕೂರುತ್ತದೆ. ಆದಕಾರಣ ಮರ ಒಣಗಿದರೂ ಹಿಡಿತ ತಪ್ಪದು. ಇದರ ರಚನೆಯಲ್ಲಿ ಒಂದು ಸೂಕ್ಷ್ಮವಿದೆ. ಮುಳ್ಳು ದೊಡ್ಡದಾದಷ್ಟೂ ಹಿಡಿತ ಹೆಚ್ಚೆಂದು ತಿಳಿಯುವುದು ಭ್ರಮೆ. ಅತಿ ದೊಡ್ಡ ಮುಳ್ಳು ಹೊಗುವಾಗಲೇ ನಾರನ್ನು ಹರಿದು ತಾನು ಕೂರತಕ್ಕ ಪೀಠವನ್ನು ತಾನೇ ಕೆಡಿಸುತ್ತದೆ. ಸಣ್ಣ ಬಳೆಗಳು ಅನೇಕವಾಗಿ ಭಾರವನ್ನು ಹಂಚಿಕೊಳ್ಳುವುದೇ ಯುಕ್ತವು. ಬೋಗಿಯಂಥ ಗಟ್ಟಿಮರಕ್ಕೆ ಆಣಿಗಿಂತ ಸಪೂರದ ತೂತನ್ನು ಮೊದಲೇ ಕೊರೆಯದಿದ್ದರೆ ಮರವೇ ಸೀಳುವುದು.

ಲೋಹದ ಜಾತಿಯನ್ನೂ ನೋಡಬೇಕು. ಬ್ರಿಟಿಷರ ಅಲಾರಂ ಎಂಬ ಯುದ್ಧನೌಕೆಗೆ 1761ರಲ್ಲಿ ತಾಮ್ರದ ತಗಡನ್ನು ಕಬ್ಬಿಣದ ಆಣಿಗಳಿಂದ ಹೊದಿಸಿದರು. 1763ರಲ್ಲಿ ಪರೀಕ್ಷಿಸಿದಾಗ ತಾಮ್ರಕ್ಕೆ ತಾಗಿದ ಆಣಿಗಳು ತಿಂದುಹೋಗಿದ್ದವು. ನಡುವೆ ಕಾಗದವು ಉಳಿದಿದ್ದಲ್ಲಿ ಮಾತ್ರ ನೆಟ್ಟಗಿದ್ದವು. ನೀರಿನ ಸಂಪರ್ಕದಲ್ಲಿ ತಾಮ್ರವು ಜೊತೆಗಿರುವ ಕಬ್ಬಿಣವನ್ನು ಬೇಗನೆ ಕ್ಷಯಿಸುತ್ತದೆ. ಗರ್ಭಗುಡಿಯ ತಾಮ್ರದ ಹೊದಿಕೆಗೆ ತಾಮ್ರದ ಆಣಿಯನ್ನೇ ಹೊಡೆಯುವ ನಮ್ಮವರ ಪದ್ಧತಿಯ ಮರ್ಮವಿದು.

ಹೀಗಿರುವಲ್ಲಿ ಮುಳ್ಳಾಣಿಯನ್ನು ಸರ್ವಥಾ ವರ್ಜಿಸತಕ್ಕದ್ದೆಂದು ನಾನು ಹೇಳೆನು. ರೀಪಿಗೆ ಹೊಡೆಯಲಿ, ರೀಪು ಹೋದರೆ ಹೊಸ ರೀಪು. ಆದರೆ ನಮ್ಮ ದೇವಾಲಯಗಳನ್ನು ಕಟ್ಟಿದವರು ಅವನ್ನು ಮುಂದೊಂದು ದಿನ ಬಿಚ್ಚಲಿಕ್ಕಿದೆಯೆಂದು ಬಲ್ಲವರಾಗಿದ್ದರು. ತಂತ್ರಸಮುಚ್ಚಯವು ಜೀರ್ಣೋದ್ಧಾರಕ್ಕೆಂದೇ ಒಂದು ಪಟಲವನ್ನಿಟ್ಟಿರುವುದು ಸುಮ್ಮನಲ್ಲ. ಕೆತ್ತನೆಯ ಉತ್ತರಕ್ಕೂ ತೊಲೆಗೂ ಕರ್ಣವುಳ್ಳ ಆಣಿಯು ಪ್ರವೇಶಿಸಕೂಡದು. ಜೀರ್ಣೋದ್ಧಾರ ಸಮಿತಿಗಳವರು ಗುತ್ತಿಗೆಯ ಕಾಗದದಲ್ಲಿ ಈ ಒಂದು ಮಾತನ್ನು ಬರೆಯಿಸಿದರೆ ಖರ್ಚೇನೂ ಬೀಳದು.

ನಮ್ಮ ಆಚಾರಿಯವರು ಉಳಿದ ಆಣಿಗಳಿಗೆ ಸುಶ್ರುತನ ಅನುಲೋಮವನ್ನೇ ಮಾಡಲು ನೋಡಿದರು. ಮರವು ಒಂದು ಗೇಣಿಗೂ ಮಿಕ್ಕಿದ ದಪ್ಪವಾದುದರಿಂದ ಸಾಧ್ಯವಾಗಲಿಲ್ಲ. ಕಡೆಗೆ ಆ ತುದಿಯನ್ನೇ ಗರಗಸದಿಂದ ಕೊಯ್ದು, ಹೊಸ ತುಂಡನ್ನು ಕೀಲಿನಿಂದ ಸೇರಿಸಿದರು. ಸೀಳಿದ ಕಮಲವು ದೇವಾಲಯದ ಉಗ್ರಾಣದ ಅಟ್ಟದ ಮೇಲಿದೆ. ಆಣಿಯು ಇನ್ನೂ ಅದರೊಳಗೇ ಇದೆ.