ಪ್ರವಾದನೆಯ ಎರಡು ಒರೆಗಲ್ಲುಗಳು

ಕ್ರಿ.ಪೂ. 594ರ ಸುಮಾರಿಗೆ ಯೆರೂಸಲೇಮಿನ ದೇವಾಲಯದಲ್ಲಿ ಇಬ್ಬರು ಪ್ರವಾದಿಗಳು ಎದುರುಬದುರಾದರು. ಬಾಬೆಲಿನ ಅರಸನಿಗೆ ತಲೆಬಾಗಿ ಬದುಕಿರಿ ಎಂದು ಸಾರುತ್ತಿದ್ದ ಯೆರೆಮೀಯನ ಹೆಗಲ ಮೇಲೆ ಅದರ ಗುರುತಾಗಿ ಮರದ ನೊಗವಿತ್ತು. ಹನನ್ಯ ಎಂಬುವನು ಎದ್ದುನಿಂತು, ಎರಡೇ ವರ್ಷದಲ್ಲಿ ಬಾಬೆಲಿನ ಹಿಡಿತ ಮುಗಿಯುತ್ತದೆ, ಕೊಳ್ಳೆಹೋದ ದೇವಾಲಯದ ಪಾತ್ರೆಗಳೆಲ್ಲ ಮರಳಿ ಬರುತ್ತವೆ ಎಂದ. ಆ ನೊಗವನ್ನು ಕಿತ್ತು ಮುರಿದೂ ಹಾಕಿದ. ಇಬ್ಬರೂ ಮಾತಾಡಿದ್ದು ಒಬ್ಬನೇ ದೇವರ ಹೆಸರಿನಲ್ಲಿ. ಹನನ್ಯನ ಮಾತು ಕೇಳಲು ಹಿತವಾಗಿತ್ತು, ದೇಶಾಭಿಮಾನದಿಂದ ತುಂಬಿತ್ತು. ಸುಳ್ಳಾಗಿದ್ದದ್ದೂ ಅದೇ.

ಇಂಥ ಹೊತ್ತಿಗೆಂದೇ ಧರ್ಮೋಪದೇಶಕಾಂಡದಲ್ಲಿ ಎರಡು ಒರೆಗಲ್ಲುಗಳಿವೆ. 18ನೆಯ ಅಧ್ಯಾಯದ್ದು ಎಲ್ಲರಿಗೂ ಗೊತ್ತಿರುವಂಥದು: ದೇವರ ಹೆಸರಿನಲ್ಲಿ ನುಡಿದದ್ದು ನೆರವೇರದಿದ್ದರೆ ಅದು ದೇವರ ಮಾತಲ್ಲ. 13ನೆಯ ಅಧ್ಯಾಯದ್ದು ಇನ್ನೂ ಕಠಿಣ. ಪ್ರವಾದಿ ಮುಂತಿಳಿಸಿದ ಅದ್ಭುತ ಕಣ್ಣೆದುರೇ ನಡೆದರೂ, ಅವನು ಜನರನ್ನು ಬೇರೆ ದೇವರ ಕಡೆಗೆ ಕರೆದೊಯ್ಯುವುದಾದರೆ ಅವನಿಗೆ ಕಿವಿಗೊಡಬಾರದು. ಮೊದಲನೆಯದು ಮಾತು ನಿಜವಾಯಿತೇ ಎಂದು ನೋಡುತ್ತದೆ, ಎರಡನೆಯದು ಆ ಮಾತು ನಮ್ಮನ್ನು ಎಲ್ಲಿಗೆ ಒಯ್ಯುತ್ತಿದೆ ಎಂದು ನೋಡುತ್ತದೆ. ದುರ್ಬೋಧನೆಯಿಂದ ಸಭೆಯನ್ನು ಕಾಯಲು ಕ್ರೈಸ್ತರು ಪ್ರವಾದನೆಯನ್ನು ಬಳಸಿಕೊಂಡ ಎರಡು ಸಾವಿರ ವರ್ಷಗಳ ಕಥೆಯನ್ನು ಓದಿದಾಗ ನನಗೆ ಕಾಣುವುದು ಇದು: ಸಭೆ ಹೆಚ್ಚಾಗಿ ಕೈಗೆತ್ತಿಕೊಂಡದ್ದು ಮೊದಲ ಒರೆಗಲ್ಲನ್ನು, ನಿಜವಾಗಿ ಸಭೆಯನ್ನು ಉಳಿಸಿದ್ದು ಎರಡನೆಯದು.

ಹೊಸ ಒಡಂಬಡಿಕೆಯ ಕಾಲಕ್ಕೇ ಈ ಕಾಳಜಿ ತೀವ್ರವಾಗಿತ್ತು. ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡ ಪೌಲನು ತಾನು ಹೋದ ಮೇಲೆ ತೋಳಗಳು ಹಿಂಡಿನೊಳಗೆ ನುಗ್ಗುತ್ತವೆಂದು ಎಚ್ಚರಿಸಿದ. ದಾರಿತಪ್ಪಿಸುವವರು ನಿಮ್ಮೊಳಗಿಂದಲೇ ಏಳುತ್ತಾರೆಂದೂ ಹೇಳಿದ. ಥೆಸಲೊನೀಕದವರಿಗೆ ಪ್ರವಾದನೆಯನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರಿಶೋಧಿಸಿ ಎಂದು ಒಂದೇ ಉಸಿರಿನಲ್ಲಿ ಬರೆದ. ಯೋಹಾನನ ಮೊದಲ ಪತ್ರಿಕೆ ಆ ಪರಿಶೋಧನೆಗೆ ಅಳತೆಯನ್ನೂ ಕೊಟ್ಟಿತು: ಯೇಸು ಕ್ರಿಸ್ತನು ಮನುಷ್ಯನಾಗಿ ಬಂದನೆಂದು ಒಪ್ಪದ ಆತ್ಮ ದೇವರದ್ದಲ್ಲ. ಇದು 13ನೆಯ ಅಧ್ಯಾಯದ ಒರೆಗಲ್ಲೇ. ಕ್ರಿಸ್ತನ ಸುತ್ತ ಮರುರೂಪ ಪಡೆದಿದೆ, ಅಷ್ಟೆ.

ಅದರ ನಂತರದ ತಲೆಮಾರು ಇದನ್ನು ಹೇಗೆ ಆಚರಣೆಗೆ ತಂದಿತೆಂಬುದು ಬಹುಕಾಲ ಮರೆಯಲ್ಲಿತ್ತು. 1873ರಲ್ಲಿ ಫಿಲೊಥಿಯೊಸ್ ಬ್ರಿಯೆನಿಯೊಸ್ ಎಂಬ ಗ್ರೀಕ್ ಧರ್ಮಗುರುವಿಗೆ ಕಾನ್‌ಸ್ಟಾಂಟಿನೋಪಲಿನ ಗ್ರಂಥಾಲಯವೊಂದರಲ್ಲಿ 'ದಿದಖೆ' ಎಂಬ ಚಿಕ್ಕ ಕೈಪಿಡಿ ಸಿಕ್ಕಿತು; 1883ರಲ್ಲಿ ಅದು ಅಚ್ಚಾಯಿತು. ಊರೂರು ತಿರುಗುವ ಬೋಧಕರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಅದು ಬಲು ನೇರವಾಗಿ ಹೇಳುತ್ತದೆ. ಒಂದು ದಿನ ಇರಲಿ, ಬೇಕಿದ್ದರೆ ಎರಡು ದಿನ. ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ತೆಗೆದುಕೊಳ್ಳಬಹುದು. ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಪ್ರೇರಣೆಯಲ್ಲಿ ಊಟದ ಮೇಜು ಸಿದ್ಧಪಡಿಸಿ ಎಂದು ಅಪ್ಪಣೆ ಕೊಟ್ಟು ತಾನೇ ಅದರಲ್ಲಿ ಉಂಡರೂ ಸುಳ್ಳು ಪ್ರವಾದಿ. ಆತ್ಮದಲ್ಲಿ ನುಡಿಯುತ್ತಿರುವವನನ್ನು ಪರೀಕ್ಷೆಗೆ ಒಡ್ಡಬೇಡಿ, ಅವನು ಬದುಕುವ ಬಗೆಯಿಂದ ಗುರುತಿಸಿ ಎಂಬುದು ಅದರ ನಿಲುವು. ಬಡ ಸಭೆಗಳ ಮುಗ್ಧತೆಯನ್ನು ಕಾಯಲು ಇದಕ್ಕಿಂತ ಸ್ಪಷ್ಟವಾದ ನಿಯಮಗಳನ್ನು ನಾನು ಬೇರೆಲ್ಲೂ ಓದಿಲ್ಲ.

ಮುಂದಿನ ಅಪಾಯ ಬಂದದ್ದು ಬೇರೆ ದಿಕ್ಕಿನಿಂದ. ಕಪ್ಪುಸಮುದ್ರದ ದಂಡೆಯ ಸಿನೋಪಿನಿಂದ ರೋಮಿಗೆ ಬಂದ ಮಾರ್ಸಿಯನ್ ಎಂಬ ಶ್ರೀಮಂತ, ಹಳೆಯ ಒಡಂಬಡಿಕೆಯ ದೇವರು ಯೇಸುವಿನ ತಂದೆಯಲ್ಲ, ಆ ಪ್ರವಾದಿಗಳು ನಮಗೆ ಬೇಡ ಎಂದು ಬೋಧಿಸಿದ. ಸುಮಾರು 144ರಲ್ಲಿ ರೋಮಿನ ಸಭೆ ಅವನನ್ನು ಹೊರಹಾಕಿತು. ಅವನು ಕೊಟ್ಟಿದ್ದ ಎರಡು ಲಕ್ಷ ಸೆಸ್ಟರ್ಸುಗಳ ಕಾಣಿಕೆಯನ್ನೂ ಹಿಂತಿರುಗಿಸಿತು. ಬೋಧನೆಯನ್ನು ಒಪ್ಪದಿದ್ದಾಗ ಹಣವನ್ನೂ ಇಟ್ಟುಕೊಳ್ಳದ ಈ ನಡೆ ಸಭಾಚರಿತ್ರೆಯಲ್ಲಿ ಅಪರೂಪ. ಜಸ್ಟಿನ್ ಮಾರ್ಟಿರ್ ತನ್ನ ಬರಹಗಳಲ್ಲಿ ಯೆಶಾಯ, ಮೀಕ, ಜೆಕರ್ಯರ ಮಾತುಗಳು ಕ್ರಿಸ್ತನಲ್ಲಿ ನೆರವೇರಿದ್ದನ್ನು ಒಂದೊಂದಾಗಿ ತೋರಿಸಿದ. ಲಿಯೋನಿನ ಬಿಷಪ್ ಇರೇನಿಯಸ್ ಸುಮಾರು 180ರಲ್ಲಿ ಅದನ್ನೇ ಸಭೆಯ ಬೆನ್ನೆಲುಬಾಗಿಸಿದ: ಪ್ರವಾದಿಗಳು ಸಾರಿದ್ದು, ಕ್ರಿಸ್ತನು ಪೂರೈಸಿದ್ದು, ಅಪೊಸ್ತಲರು ಒಪ್ಪಿಸಿದ್ದು ಎಲ್ಲವೂ ಒಂದೇ. ಅವನ 'ಅಪೊಸ್ತಲಿಕ ಸಾರೋಣದ ನಿರೂಪಣೆ' ಎಂಬ ಪುಟ್ಟ ಪುಸ್ತಕ 1904ರಲ್ಲಿ ಅರ್ಮೇನಿಯನ್ ಭಾಷೆಯಲ್ಲಿ ಸಿಕ್ಕಿತು. ಪ್ರವಾದನೆಯನ್ನು ಹೊಸ ವಿಶ್ವಾಸಿಗಳಿಗೆ ಕಲಿಸುವ ಬಗೆ ಅದರಲ್ಲಿ ಸೊಗಸಾಗಿದೆ.

ಇರೇನಿಯಸ್ ಇನ್ನೊಂದು ಕಾರಣಕ್ಕೂ ನನಗೆ ಪ್ರಿಯ. ಪ್ರಕಟನೆ ಪುಸ್ತಕದ 666 ಎಂಬ ಸಂಖ್ಯೆ ಯಾರ ಹೆಸರು ಎಂದು ಅಂದೂ ಜನ ಲೆಕ್ಕ ಹಾಕುತ್ತಿದ್ದರು. ಅವನು ಯೂಆಂಥಾಸ್, ಲಾಟೀನೊಸ್, ಟೀಟಾನ್ ಎಂಬ ಮೂರು ಹೆಸರುಗಳನ್ನು ಮುಂದಿಟ್ಟು, ಯಾವುದನ್ನೂ ಖಚಿತವೆನ್ನದೆ, ಊಹಿಸುತ್ತ ಕೂರುವುದಕ್ಕಿಂತ ನೆರವೇರಿಕೆಗೆ ಕಾಯುವುದೇ ಕ್ಷೇಮ ಎಂದ. ತಪ್ಪು ಹೆಸರಿಗೆ ಅಂಟಿಕೊಂಡವನು ನಿಜವಾದ ಕ್ರಿಸ್ತವಿರೋಧಿ ಬಂದಾಗ ಅವನನ್ನು ಗುರುತಿಸಲಾರ ಎಂಬುದು ಅವನ ಆತಂಕ. ಕಾವಲಿಗೆಂದು ಕೊಟ್ಟ ಪ್ರವಾದನೆಯೇ ಕಾವಲುಗಾರನ ಕಣ್ಣು ಕಟ್ಟಬಹುದೆಂದು ಅವನು ಅಷ್ಟು ಬೇಗ ಕಂಡುಕೊಂಡಿದ್ದ. ಐಸಾಕ್ ನ್ಯೂಟನ್ ತೀರಿಕೊಂಡ ಮೇಲೆ 1733ರಲ್ಲಿ ಅಚ್ಚಾದ ಅವರ ದಾನಿಯೇಲ-ಪ್ರಕಟನೆಗಳ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ.

ಇರೇನಿಯಸ್ಸನ ಕಾಲದಲ್ಲೇ ಫ್ರಿಗಿಯದಲ್ಲಿ, ಇಂದಿನ ಟರ್ಕಿಯಲ್ಲಿ, ಮೊಂಟಾನಸ್, ಪ್ರಿಸ್ಕಿಲ್ಲಾ, ಮ್ಯಾಕ್ಸಿಮಿಲ್ಲಾ ಹೊಸ ಪ್ರವಾದನೆಯ ಅಲೆಯೆಬ್ಬಿಸಿದರು. ಪೆಪುಜಾ ಎಂಬ ಊರು ಅವರ ಯೆರೂಸಲೇಮಾಯಿತು. ಅವರ ವಿರುದ್ಧ ಬರೆದವನೊಬ್ಬನ ವಾದವನ್ನು ಯೂಸೇಬಿಯಸ್ ತನ್ನ ಚರಿತ್ರೆಯಲ್ಲಿ ಉಳಿಸಿದ್ದಾನೆ: ಯುದ್ಧಗಳಾಗುತ್ತವೆ ಎಂದ ಮ್ಯಾಕ್ಸಿಮಿಲ್ಲಾ ಸತ್ತು ಹದಿಮೂರು ವರ್ಷ ದಾಟಿದರೂ ಲೋಕ ಶಾಂತವಾಗಿದೆ. ಮೊದಲ ಒರೆಗಲ್ಲಿನ ಶುದ್ಧ ಉದಾಹರಣೆಯಿದು. ಆದರೆ ಅಷ್ಟರಿಂದ ಆ ಅಲೆ ನಿಲ್ಲಲಿಲ್ಲ. ತೆರ್ತುಲ್ಲಿಯನ್‌ನಂಥ ಮಹಾಬುದ್ಧಿಯೇ ಅದಕ್ಕೆ ಒಲಿದ.

ಸುಮಾರು 204ರಲ್ಲಿ ದಾನಿಯೇಲನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಹಿಪ್ಪೊಲಿಟಸ್ ಎರಡು ದುರಂತಗಳನ್ನು ದಾಖಲಿಸಿದ್ದಾನೆ. ಸಿರಿಯದ ಸಭಾನಾಯಕನೊಬ್ಬ ಕ್ರಿಸ್ತನನ್ನು ಎದುರುಗೊಳ್ಳೋಣವೆಂದು ಹೆಂಗಸರು ಮಕ್ಕಳ ಸಮೇತ ಸಭೆಯನ್ನು ಮರಳುಗಾಡಿಗೆ ಕರೆದೊಯ್ದು ಅಲೆಸಿದ. ಪೊಂತದ ಇನ್ನೊಬ್ಬ ಕನಸುಗಳನ್ನು ನಂಬಿ ವರ್ಷದೊಳಗೆ ನ್ಯಾಯತೀರ್ಪು ಬರುತ್ತದೆಂದ. ಜನ ಉಳುಮೆ ಬಿಟ್ಟರು, ಆಸ್ತಿ ಮಾರಿದರು, ಕೊನೆಗೆ ತಿರಿಯುವ ಗತಿ ಬಂತು. ಹಿಪ್ಪೊಲಿಟಸ್ ಇಬ್ಬರನ್ನೂ ತಿದ್ದುತ್ತಾನೆ, ಆದರೆ ಲೆಕ್ಕದ ಆಸೆಯನ್ನು ಅವನಿಗೂ ಬಿಡಲಾಗಲಿಲ್ಲ. ಲೋಕದ ಆಯುಷ್ಯ ಆರು ಸಾವಿರ ವರ್ಷವೆಂದು ಎಣಿಸಿ ಅಂತ್ಯವನ್ನು ಸುಮಾರು 500ನೆಯ ಇಸವಿಗೆ ಸರಿಸಿದ. ಅಗಸ್ಟಿನ್ ಈ ಬಗೆಯ ಎಣಿಕೆಗಳನ್ನೆಲ್ಲ 'ದೇವನಗರ'ದಲ್ಲಿ ತಳ್ಳಿಹಾಕಿದ. ಪಶ್ಚಿಮದ ಸಭೆ ಬಹುಕಾಲ ಅವನ ಮಾತಿನಂತೆ ನಡೆಯಿತು.

ಆ ಸಂಯಮವನ್ನು ಮುರಿದದ್ದು ಇಟಲಿಯ ಸನ್ಯಾಸಿ, 1202ರಲ್ಲಿ ತೀರಿಕೊಂಡ ಫಿಯೊರೆಯ ಯೋವಾಕಿಮ್. ತಂದೆಯ ಯುಗ, ಮಗನ ಯುಗ, ಪವಿತ್ರಾತ್ಮನ ಯುಗ ಎಂಬ ಅವನ ವಿಂಗಡಣೆಯನ್ನು ಹಿಡಿದು, ಮೂರನೆಯ ಯುಗ 1260ಕ್ಕೆ ಆರಂಭ ಎಂದು ಶಿಷ್ಯರು ಕಾದರು. ಅವರಲ್ಲೊಬ್ಬ, ಬೊರ್ಗೊ ಸಾನ್ ದೊನ್ನಿನೊದ ಗೆರಾರ್ದೊ, ಯೋವಾಕಿಮನ ಬರಹಗಳೇ ಇನ್ನು ನಿತ್ಯ ಸುವಾರ್ತೆ ಎನ್ನುವಷ್ಟು ದೂರ ಹೋದ. 1255ರಲ್ಲಿ ಪೋಪ್ ಅದನ್ನು ಖಂಡಿಸಿದರು. ದಿನಾಂಕ ಹೇಳುವ ಪ್ರವಚನಗಳು ಎಷ್ಟು ಹೆಚ್ಚಿದವೆಂದರೆ, ಐದನೆಯ ಲ್ಯಾಟೆರನ್ ಮಹಾಸಭೆ 1516ರ ಡಿಸೆಂಬರಿನಲ್ಲಿ ಕ್ರಿಸ್ತವಿರೋಧಿಯ ಬರವಿಗಾಗಲಿ ತೀರ್ಪಿನ ದಿನಕ್ಕಾಗಲಿ ಕಾಲ ನಿಗದಿಮಾಡಿ ಬೋಧಿಸುವುದನ್ನೇ ನಿಷೇಧಿಸಿತು.

ಮರುವರ್ಷವೇ ಸುಧಾರಣೆ ಶುರುವಾಯಿತು, ಸತ್ಯವೇದ ಎಲ್ಲರ ಕೈಗೆ ಬಂತು. ಲೂಥರನ ಆಪ್ತ ಮೈಕೆಲ್ ಸ್ಟೀಫೆಲ್ ಸಭಾಪಾಲಕನೂ ಹೌದು, ಒಳ್ಳೆಯ ಗಣಿತಜ್ಞನೂ ಹೌದು. 1533ರ ಅಕ್ಟೋಬರ್ 19ರ ಬೆಳಿಗ್ಗೆ ಎಂಟಕ್ಕೆ ಲೋಕಾಂತ್ಯ ಎಂದು ಅವನು ಲೊಖೌ ಊರಿನ ಜನರನ್ನು ಸಜ್ಜುಗೊಳಿಸಿದ. ಏನೂ ಆಗದಿದ್ದಾಗ ಸೆರೆಯಾದ ಅವನನ್ನು ಬಿಡಿಸಿದ್ದು ಲೂಥರನ ಸ್ನೇಹ. ಸ್ಟೀಫೆಲ್ ಮುಂದೆ 1544ರಲ್ಲಿ ಗಣಿತದ ಮಹತ್ವದ ಗ್ರಂಥ ಬರೆದ. ಮ್ಯೂನ್‌ಸ್ಟರಿನವರಿಗೆ ಅಂಥ ಅದೃಷ್ಟವಿರಲಿಲ್ಲ. 1534–35ರಲ್ಲಿ ಆ ಊರನ್ನೇ ಹೊಸ ಯೆರೂಸಲೇಮೆಂದು ಸಾರಿದ ಯಾನ್ ಮಥೈಸ್, ಲೈಡನ್ನಿನ ಯಾನ್ ಇಬ್ಬರ ಪ್ರವಾದನೆ ಮುತ್ತಿಗೆ, ಹಸಿವು, ಕೊಲೆಗಳಲ್ಲಿ ಕೊನೆಯಾಯಿತು.

ಇಲ್ಲಿಂದ ಕಥೆ ಕರ್ನಾಟಕದ ಹೊಸ್ತಿಲಿಗೂ ಬರುತ್ತದೆ. ಜರ್ಮನಿಯ ವ್ಯುರ್ಟೆಂಬರ್ಗಿನ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752) ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಅತ್ಯಂತ ನಿಷ್ಠೆಯಿಂದ ಶೋಧಿಸಿದ ಪಂಡಿತರು. ಅವರೇ ಪ್ರಕಟನೆ ಪುಸ್ತಕದ ಸಂಖ್ಯೆಗಳನ್ನು ಕೂಡಿ ಕಳೆದು 1836ನೆಯ ಇಸವಿಗೆ ಬಂದು ನಿಂತರು. ಜೊತೆಗೆ, ಆ ವರ್ಷ ಗಮನಾರ್ಹ ಬದಲಾವಣೆಯಿಲ್ಲದೆ ಕಳೆದರೆ ತಮ್ಮ ಪದ್ಧತಿಯಲ್ಲೇ ದೊಡ್ಡ ತಪ್ಪಿದೆಯೆಂದು ತಿಳಿಯಬೇಕು ಎಂದೂ ಹೇಳಿಟ್ಟರು. ಕ್ರಿಸ್ತನ ಬರೋಣದ ಆ ನಿರೀಕ್ಷೆಯ ಬಿಸಿಯಲ್ಲೇ 1817ರಲ್ಲಿ ಅನೇಕ ಕುಟುಂಬಗಳು ವ್ಯುರ್ಟೆಂಬರ್ಗ್ ಬಿಟ್ಟು ಕಾಕಸಸ್ಸಿನತ್ತ ವಲಸೆ ಹೋದವು. ಬೆಂಗೆಲ್ ಸೇರಿದ್ದ ಪ್ರೊಟೆಸ್ಟಂಟ್ ಭಕ್ತಿಪಂಥದ ಅದೇ ನೆಲದಿಂದ ಬಲ ಪಡೆದದ್ದು 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್. ಅದು ಮಂಗಳೂರಿಗೆ ಬಂದದ್ದು 1834ರಲ್ಲಿ. ವ್ಯುರ್ಟೆಂಬರ್ಗಿನ ಹರ್ಮನ್ ಮೊಗ್ಲಿಂಗ್ ನಮ್ಮ ಕರಾವಳಿ ಮುಟ್ಟಿದ್ದು ಬೆಂಗೆಲ್ ಗುರುತಿಸಿದ್ದ ಅದೇ 1836ರಲ್ಲಿ. ಲೆಕ್ಕ ಹುಸಿಯಾಯಿತು, ಕೆಲಸ ನಿಲ್ಲಲಿಲ್ಲ. 1843ರಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು. ಎರಡನೆಯ ಬರೋಣದ ನಿರೀಕ್ಷೆಯನ್ನು ಕೈಬಿಡದೆ ದಿನಾಂಕವನ್ನು ಮಾತ್ರ ಕೈಬಿಡಲು ಸಾಧ್ಯವೆಂಬುದಕ್ಕೆ ನಮ್ಮ ನಾಡಿನ ಸಭೆಗಳ ಹುಟ್ಟೇ ಸಾಕ್ಷಿಯೆಂದು ನಾನು ತಿಳಿಯುತ್ತೇನೆ.

ಅಮೆರಿಕದಲ್ಲಿ ಹಾಗಾಗಲಿಲ್ಲ. ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನ ಬರೋಣಕ್ಕೆ ಕಾದು ನಿರಾಶರಾದರು. 1909ರ ಸ್ಕೋಫೀಲ್ಡ್ ಬೈಬಲು ಅಂತ್ಯಕಾಲದ ವೇಳಾಪಟ್ಟಿಯೊಂದನ್ನು ಪುಟದಡಿಯ ಟಿಪ್ಪಣಿಗಳಾಗಿ ಮನೆಮನೆಗೂ ತಲುಪಿಸಿತು. 1970ರಲ್ಲಿ ಹಾಲ್ ಲಿಂಡ್ಸೆ ಅಂಥದನ್ನೇ ಪತ್ರಿಕೆಯ ಸುದ್ದಿಗಳಿಗೆ ಜೋಡಿಸಿ ಜನಪ್ರಿಯಗೊಳಿಸಿದರು. ದಕ್ಷಿಣ ಕೊರಿಯದಲ್ಲಿ 1992ರ ಅಕ್ಟೋಬರ್ 28ಕ್ಕೆ ಸಾವಿರಾರು ಜನರನ್ನು ಕಾಯಿಸಿದ ಬೋಧಕ ವಂಚನೆಗಾಗಿ ಜೈಲು ಸೇರಿದ. 2011ರ ಮೇ 21 ಎಂದು ಸಾರಿದ್ದ ಹೆರಾಲ್ಡ್ ಕ್ಯಾಂಪಿಂಗ್ ಮರುವರ್ಷ ತಮ್ಮದು ಪಾಪವೆಂದು ಒಪ್ಪಿಕೊಂಡರು.

ಇವೆಲ್ಲವುಗಳಿಗಿಂತ ಭಯಂಕರವಾದ ದುರ್ಬೋಧನೆ ಬಂದಾಗ ಅದರ ಬಳಿ ದಿನಾಂಕವೇ ಇರಲಿಲ್ಲ. 1933ರ ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾಭವನದಲ್ಲಿ, ಸುಮಾರು 20,000 ಜನರ ಮುಂದೆ, 'ಜರ್ಮನ್ ಕ್ರೈಸ್ತರು' ಎಂಬ ನಾಜಿ ಪರ ಗುಂಪಿನ ರೈನ್‌ಹೋಲ್ಡ್ ಕ್ರೌಜೆ ಹಳೆಯ ಒಡಂಬಡಿಕೆಯನ್ನು ಸಭೆಯಿಂದ ಕಿತ್ತೊಗೆಯಬೇಕೆಂದ. ಮಾರ್ಸಿಯನ್ ಸಮವಸ್ತ್ರ ತೊಟ್ಟು ಮರಳಿದ್ದ. ಇಲ್ಲಿ ಮೊದಲ ಒರೆಗಲ್ಲು ನಿರುಪಯೋಗಿ, ಏಕೆಂದರೆ ನಾಜಿಗಳು ಹೇಳಿದ್ದು ಒಂದೊಂದಾಗಿ ನಡೆಯುತ್ತಲೇ ಇತ್ತು. ಮ್ಯೂನಿಕ್ಕಿನ ಕಾರ್ಡಿನಲ್ ಫೌಲ್‌ಹಾಬರ್ ಅದೇ ಡಿಸೆಂಬರಿನ ಆಗಮನಕಾಲದ ಪ್ರಸಂಗಗಳಲ್ಲಿ ಹಳೆಯ ಒಡಂಬಡಿಕೆಯನ್ನು ಸಮರ್ಥಿಸಿದರು. ವಿಲ್ಹೆಲ್ಮ್ ವಿಶರ್, ಪ್ರವಾದಿಗಳ ಸಮೇತ ಹಳೆಯ ಒಡಂಬಡಿಕೆಯೆಲ್ಲ ಕ್ರಿಸ್ತನಿಗೆ ಸಾಕ್ಷಿ ಎಂದು 1934ರಲ್ಲಿ ಪುಸ್ತಕ ಬರೆದರು. ಆ ಮೇ ತಿಂಗಳಲ್ಲಿ ಬಾರ್ಮೆನ್ ಊರಿನಲ್ಲಿ ಸೇರಿದವರು, ಸಭೆ ಕೇಳಬೇಕಾದ ದೇವರ ವಾಕ್ಯ ಕ್ರಿಸ್ತನೊಬ್ಬನೇ ಎಂದು ಘೋಷಿಸಿದರು. ಇವರ ಧೈರ್ಯಕ್ಕೆ ಮಿತಿಯಿತ್ತು. ಬಾರ್ಮೆನ್ ಘೋಷಣೆ ಯೆಹೂದ್ಯರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಫೌಲ್‌ಹಾಬರ್ ತಾವು ಸಮರ್ಥಿಸುವುದು ಪುರಾತನ ಇಸ್ರಾಯೇಲನ್ನು ಮಾತ್ರ ಎಂದು ಗೆರೆ ಎಳೆದರು. ಯೆರೆಮೀಯನ ಪುಸ್ತಕವನ್ನು ಉಳಿಸಿಕೊಂಡವರು ಯೆರೆಮೀಯನ ಜನಕ್ಕಾಗಿ ಸಾಕಷ್ಟು ಬಾಯಿ ತೆರೆಯಲಿಲ್ಲ.

ಜಸ್ಟಿನ್ ಹಿಡಿದಿದ್ದ ನೆರವೇರಿಕೆಯ ವಾದಕ್ಕೆ ಪಾಂಡಿತ್ಯದ ದಾರಿಯಲ್ಲೂ ಒಂದು ದೊಡ್ಡ ತಿರುವು ಬಂತು. 1947ರಲ್ಲಿ ಮೃತಸಮುದ್ರದ ಬಳಿಯ ಗುಹೆಯಲ್ಲಿ ಸಿಕ್ಕ ಯೆಶಾಯನ ಸುರುಳಿ, ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ನೊಂದು ಬಳಲುವ ಸೇವಕನನ್ನು ಕುರಿತ 53ನೆಯ ಅಧ್ಯಾಯವನ್ನು ಕ್ರೈಸ್ತರು ಆಮೇಲೆ ತಿದ್ದಿದರೆನ್ನಲು ಇನ್ನು ಯಾರಿಗೂ ಆಸ್ಪದವಿಲ್ಲ. ಅದರ ಅರ್ಥವೇನೆಂಬ ಚರ್ಚೆ ಯೆಹೂದ್ಯ, ಕ್ರೈಸ್ತ ಪಂಡಿತರ ನಡುವೆ ಮುಂದುವರಿದಿದೆ.

2020ರ ಅಮೆರಿಕ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಗೆಲ್ಲುತ್ತಾರೆಂದು ಅನೇಕ ಕ್ಯಾರಿಸ್ಮಾಟಿಕ್ ಪ್ರವಾದಿಗಳು ದೇವರ ಹೆಸರಿನಲ್ಲಿ ನುಡಿದರು. ಅದು ಸುಳ್ಳಾದಾಗ ಕೆಲವರು ಕ್ಷಮೆ ಕೇಳಿದರು. 2021ರ ಏಪ್ರಿಲಿನಲ್ಲಿ ಆ ವಲಯದ ನಾಯಕರೇ ಪ್ರವಾದನೆಯ ಮಾನದಂಡಗಳನ್ನು ಹೊರಡಿಸಿ, ಬಹಿರಂಗವಾಗಿ ತಪ್ಪಿದವನು ಅದರ ಹೊಣೆ ಹೊರಲೇಬೇಕೆಂದರು. ಒಳ್ಳೆಯ ಹೆಜ್ಜೆ ಅದು, ಬಹಳ ತಡವಾಗಿ ಬಂದದ್ದು. ಆದರೂ ಹೆಚ್ಚಿನ ಚರ್ಚೆ ನುಡಿದದ್ದು ಹುಸಿಹೋದದ್ದರ ಸುತ್ತಲೇ ನಡೆಯಿತು. ಅದು ನಿಜವಾಗಿದ್ದರೂ 13ನೆಯ ಅಧ್ಯಾಯದ ಪ್ರಶ್ನೆ ಹಾಗೆಯೇ ಇರುತ್ತಿತ್ತು: ಆ ತಿಂಗಳುಗಳಲ್ಲಿ ಆ ಸಭೆಗಳ ಭರವಸೆ ಯಾರ ಮೇಲೆ ನೆಟ್ಟಿತ್ತು? ಮೊಬೈಲಿನಲ್ಲಿ ದಿನಕ್ಕೊಂದು ಪ್ರವಾದನೆ ಬಂದಿಳಿಯುವ ಈ ಕಾಲದಲ್ಲಿ ನಮ್ಮ ಸಭಾಪಾಲಕರೂ ಹಿರಿಯರೂ ಆ ಪ್ರಶ್ನೆಯನ್ನು ಮುಂಚಿತವಾಗಿಯೇ ಕೇಳಬೇಕು, ಮಾತು ನೆರವೇರಿತೋ ಇಲ್ಲವೋ ಎಂದು ತಿಳಿಯುವವರೆಗೆ ಕಾಯದೆ.