ಸೆರೆವಾಸದ ಕಾಲದ ಪ್ರಾರ್ಥನೆ: ಕರಾವಳಿ ಕ್ರೈಸ್ತರ ಮೌಖಿಕ ಭಕ್ತಿಪರಂಪರೆ

ಸಂಕಟಕಾಲದಲ್ಲಿ ಸಮುದಾಯವೊಂದರ ಪ್ರಾರ್ಥನೆ ಯಾವ ರೂಪ ತಾಳುತ್ತದೆ ಎಂಬುದಕ್ಕೆ ಕರ್ನಾಟಕದ ಇತಿಹಾಸದಲ್ಲಿ ದೊರೆಯುವ ಮುಖ್ಯ ನಿದರ್ಶನವೆಂದರೆ ಕೆನರಾ ಕರಾವಳಿಯ ಕೊಂಕಣಿ ಕಥೋಲಿಕ ಕ್ರೈಸ್ತರು ಶ್ರೀರಂಗಪಟ್ಟಣದಲ್ಲಿ ಅನುಭವಿಸಿದ ಸೆರೆವಾಸ (1784–1799). ರಾಜಕೀಯ ಚರಿತ್ರೆಯ ಭಾಗವಾಗಿ ಇದು ಸಾಕಷ್ಟು ಚರ್ಚೆಗೊಳಗಾಗಿದೆ. ಇಗರ್ಜಿಯೂ ಗುರುವೂ ಇಲ್ಲದ ಹದಿನೈದು ವರ್ಷ ಭಕ್ತಿ ಹೇಗೆ ಉಳಿಯಿತು ಎಂಬುದನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ, 1783ರಲ್ಲಿ, ಮಂಗಳೂರು ಇಂಗ್ಲಿಷರ ವಶವಾದಾಗ ಕ್ರೈಸ್ತರು ಅವರಿಗೆ ನೆರವಾದರೆಂಬ ಸಂಶಯ ಟಿಪ್ಪು ಸುಲ್ತಾನನಿಗಿತ್ತು. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಸುಮಾರಿಗೆ, ಸಾಮೂಹಿಕ ಬಂಧನ ನಡೆಯಿತು. ಬಂಧಿತರ ಸಂಖ್ಯೆಯನ್ನು ಬೇರೆ ಬೇರೆ ಬರಹಗಳು 30,000ದಿಂದ 60,000ದವರೆಗೆ ಹೇಳುತ್ತವೆ. ಇಗರ್ಜಿಗಳು ನೆಲಸಮವಾದವು, ಗುರುಗಳು ಗಡೀಪಾರಾದರು. ಘಟ್ಟ ಹತ್ತಿ ಸಾಗಿಸಲ್ಪಟ್ಟ ಜನರಲ್ಲಿ ಅನೇಕರು ದಾರಿಯಲ್ಲೇ ಅಸುನೀಗಿದರು. ಉಳಿದವರಲ್ಲಿ ಬಹುಮಂದಿ ಬಲವಂತದ ಮತಾಂತರಕ್ಕೆ ಒಳಗಾದರು.

ಕಥೋಲಿಕ ಸಂಪ್ರದಾಯದಲ್ಲಿ ಬಲಿಪೂಜೆ ಮತ್ತು ಪಾಪನಿವೇದನೆಗೆ ಗುರು ಅನಿವಾರ್ಯ. ಆದರೆ ಅಗತ್ಯ ಬಿದ್ದಾಗ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು; ಜಪಮಾಲೆಗೆ ಗುರುವೂ ಬೇಡ, ಗ್ರಂಥವೂ ಬೇಡ. ಹತ್ತರ ಐದು ಗುಂಪುಗಳಲ್ಲಿ, ಮೂರು ಸುತ್ತಿಗೆ 150 ಬಾರಿ ಹೇಳುವ ನಮೋ ಮರಿಯ ಪ್ರಾರ್ಥನೆಯು 150 ಕೀರ್ತನೆಗಳಿಗೆ ಬದಲಿಯಾಗಿ ಓದುಬಾರದವರ ನಡುವೆ ಬೆಳೆದ ರೂಪ. ಮಣಿಸರ ಇಲ್ಲದಿದ್ದರೆ ಬೆರಳ ಗಣಿಕೆಗಳೇ ಸಾಕು. ದನಿಯೆತ್ತಲಾಗದಿದ್ದರೆ ಮನಸ್ಸಿನಲ್ಲೇ ಎಣಿಸಬಹುದು. ಪುನರುಕ್ತಿ, ಸಂಖ್ಯೆ, ಲಯ ಎಂಬ ಮೌಖಿಕ ಸಾಹಿತ್ಯದ ಲಕ್ಷಣಗಳೇ ಇಲ್ಲಿ ನಂಬಿಕೆಗೆ ಆಸರೆಯಾಗಬಲ್ಲವು.

ಈ ಒಳಗಿನ ಭಕ್ತಿಗೆ ಸಾಕ್ಷ್ಯ ಒದಗಿಸುವವನು ಫ್ರೆಂಚ್ ಮಿಷನರಿ ಅಬ್ಬೆ ದುಬುವಾ. 1799ರಲ್ಲಿ ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣಕ್ಕೆ ಬಂದು ಅಲ್ಲಿನ ಕ್ರೈಸ್ತರನ್ನು ಮತ್ತೆ ಸಂಘಟಿಸಿದವನು ಆತ. 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಸೆರೆಯಾದವರಲ್ಲಿ ಯಾರೂ ಬಹಿರಂಗವಾಗಿ ಪ್ರತಿಭಟಿಸಿ ಹುತಾತ್ಮರಾಗಲಿಲ್ಲವೆಂದು ಆತ ವಿಷಾದಿಸುತ್ತಾನೆ. ಆದರೆ ಅದೇ ಪತ್ರಗಳಲ್ಲಿ, ಮತಾಂತರವು ಹೊರಗಿನದು ಮಾತ್ರ, ಮನಸ್ಸಿನಲ್ಲಿ ಕ್ರಿಸ್ತನನ್ನೇ ನಂಬಿದ್ದೆವು ಎಂದು ಜನ ಹೇಳಿಕೊಂಡದ್ದನ್ನೂ ದಾಖಲಿಸುತ್ತಾನೆ. ಸುಮಾರು 2,000 ಮಂದಿ ತನ್ನ ಬಳಿಗೆ ಬಂದರೆಂದೂ ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಮರಳಿ ಇಗರ್ಜಿಗಳನ್ನು ಮತ್ತೆ ಕಟ್ಟಿದರೆಂದೂ ಆತ ಬರೆದಿದ್ದಾನೆ. ದುಬುವಾ ನಂಬಿಕೆಯನ್ನು ಅಳೆದದ್ದು ಬಹಿರಂಗ ಸಾಕ್ಷ್ಯದಿಂದ. ಮೌನದಲ್ಲಿ ನಡೆದ ಪ್ರಾರ್ಥನೆಗೆ ಆ ಅಳತೆ ಸಾಲದು. ಮರಳಿ ಬಂದ ಜನಸಮೂಹವೇ ಅದರ ಪ್ರಮಾಣ.

ಗ್ರಂಥಪರಂಪರೆಯಲ್ಲೂ ಇದೇ ಸಂಗತಿ ಕಾಣುತ್ತದೆ. ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ ಓವಿ ಛಂದಸ್ಸಿನಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಮೊದಲು ಮುದ್ರಣಗೊಂಡಿತು. 1907ರಲ್ಲಿ ಜೆ. ಎಲ್. ಸಲ್ಡಾನ್ಹ ಮಂಗಳೂರಿನಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸುವಾಗ ಆಧಾರವಾದದ್ದು ಕೈಬರಹದ ಪ್ರತಿಗಳು. ಮುದ್ರಿತ ಪ್ರತಿಗಳು ಕಣ್ಮರೆಯಾಗಿದ್ದರೂ ಹಾಡಿ ಕೇಳುವ, ನಕಲು ಮಾಡಿಕೊಳ್ಳುವ ರೂಢಿ ಕೃತಿಯನ್ನು ಉಳಿಸಿತ್ತು.

ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸಂಜೆ ಎಲ್ಲರೂ ಕೂಡಿ ‘ತೆರ್ಸ್’ ಹೇಳಿ, ಬಳಿಕ ಕಿರಿಯರು ಹಿರಿಯರಿಂದ ‘ಬೆಸಾಂವ್’ ಬೇಡುವ ಪದ್ಧತಿಯಿದೆ. ಆಶೀರ್ವದಿಸುವ ಅಧಿಕಾರ ಇಲ್ಲಿ ತಂದೆತಾಯಿಗಳಿಗೆ, ಅಜ್ಜಅಜ್ಜಿಯರಿಗೆ ಸೇರಿದ್ದು. ಫಾದರ್ ಜೋಕಿಂ ಮಿರಾಂದಾ 1763ರಲ್ಲಿ ಫರಂಗಿಪೇಟೆಯಲ್ಲಿ ಆರಂಭಿಸಿದರೆನ್ನಲಾದ ಮೊಂತಿ ಹಬ್ಬವೂ ಹೀಗೆಯೇ. ಸೆಪ್ಟೆಂಬರ್ 8ರಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಯ ಹೊಸ ಅಕ್ಕಿಯ ಊಟದೊಂದಿಗೆ ಸೇರಿದಾಗಲೇ ಹಬ್ಬ ಪೂರ್ಣವಾಗುತ್ತದೆ.

ಹೀಗೆ ಸಂಕಟವು ಪ್ರಾರ್ಥನೆಯನ್ನು ಅಳಿಸಲಿಲ್ಲ, ಅದರ ನೆಲೆಯನ್ನು ಬದಲಿಸಿತು. ಕಂಠಸ್ಥವಾದದ್ದನ್ನು ಕೆಡವುವುದು ಯಾವ ಪ್ರಭುತ್ವಕ್ಕೂ ಸುಲಭವಲ್ಲ. ಇಗರ್ಜಿಗಳ ಪುನರ್ನಿರ್ಮಾಣದ ಚರಿತ್ರೆಯನ್ನು ಬರೆಯುವವರು ಅವುಗಳಿಗೆ ಮೊದಲೇ ಉಳಿದುಬಂದಿದ್ದ ಮನೆಯ ಪ್ರಾರ್ಥನೆಯನ್ನೂ ಚರಿತ್ರೆಯ ಆಕರವಾಗಿ ಪರಿಗಣಿಸಬೇಕಾಗಿದೆ.