ಜಠರದ ಬ್ಯಾಕ್ಟೀರಿಯಾ: ದೇಶಕ್ಕೊಂದು ಬಗೆಯ ಔಷಧ ಪ್ರತಿರೋಧ

ಜಠರದ ಹುಣ್ಣಿಗೆ ಖಾರದ ಊಟ ಹಾಗೂ ಮಾನಸಿಕ ಒತ್ತಡಗಳೇ ಕಾರಣವೆಂಬ ನಂಬಿಕೆ ಬಹುಕಾಲ ವೈದ್ಯಲೋಕದಲ್ಲಿಯೂ ಬೇರೂರಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ಜಠರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯಾವೊಂದನ್ನು ಪ್ರತ್ಯೇಕಿಸಿದ ಬಳಿಕ ಈ ನಂಬಿಕೆ ಕುಸಿಯಿತು. ಅದೇ ಇಂದಿನ ಹೆಲಿಕೋಬ್ಯಾಕ್ಟರ್ ಪೈಲೋರಿ. ಈ ಶೋಧಕ್ಕೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಸೋಂಕು ತಗುಲಿದವರಲ್ಲಿ ಬಹುಪಾಲು ಮಂದಿಗೆ ಯಾವ ತೊಂದರೆಯೂ ಕಾಣಿಸದು. ಆದರೆ ಕೆಲವರಲ್ಲಿ ಅದು ಹುಣ್ಣಿಗೂ, ಜಠರದ ಕ್ಯಾನ್ಸರ್‌ಗೂ ದಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಒಂದೇ ಔಷಧ, ಹಲವು ಫಲಿತಾಂಶ

ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ ಕ್ಲಾರಿಥ್ರೋಮೈಸಿನ್ ಹಾಗೂ ಅಮಾಕ್ಸಿಸಿಲಿನ್ ಅಥವಾ ಮೆಟ್ರೋನಿಡಾಝೋಲ್ ನೀಡುವ ತ್ರಿವಳಿ ಚಿಕಿತ್ಸೆ ಜಗತ್ತಿನಾದ್ಯಂತ ರೂಢಿಗೆ ಬಂದಿತು. ಆದರೆ ಅದೇ ಚಿಕಿತ್ಸೆ ಒಂದು ದೇಶದಲ್ಲಿ ಫಲ ನೀಡಿ, ಇನ್ನೊಂದರಲ್ಲಿ ಸೋಲತೊಡಗಿತು.

ಯೂರೋಪಿನ 18 ದೇಶಗಳಲ್ಲಿ 2018ರಲ್ಲಿ ಸಂಗ್ರಹಿಸಿದ ಮಾದರಿಗಳ ಪೈಕಿ ಶೇ.21.4ರಷ್ಟು ಕ್ಲಾರಿಥ್ರೋಮೈಸಿನ್‌ಗೆ, ಶೇ.15.8ರಷ್ಟು ಲೆವೊಫ್ಲಾಕ್ಸಾಸಿನ್‌ಗೆ, ಶೇ.38.9ರಷ್ಟು ಮೆಟ್ರೋನಿಡಾಝೋಲ್‌ಗೆ ಮಣಿಯಲಿಲ್ಲ. ಉತ್ತರ ಯೂರೋಪಿಗಿಂತ ದಕ್ಷಿಣದ ದೇಶಗಳಲ್ಲಿ ಕ್ಲಾರಿಥ್ರೋಮೈಸಿನ್ ಪ್ರತಿರೋಧ ಅಧಿಕ. ಭಾರತದ ಹಲವು ಕೇಂದ್ರಗಳ ಮಾದರಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೆಟ್ರೋನಿಡಾಝೋಲ್ ಪ್ರತಿರೋಧವೇ ಶೇ.77.9ರಷ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ, ಹೊಸ ಔಷಧ ತುರ್ತಾಗಿ ಬೇಕಿರುವ ರೋಗಾಣುಗಳ ಪಟ್ಟಿಯಲ್ಲಿ ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಪೈಲೋರಿಯನ್ನೂ ಹೆಸರಿಸಿತು.

ಹಳೆಯ ಚೀಟಿಯ ಋಣ

ಈ ವ್ಯತ್ಯಾಸದ ಬೇರು ಬಹುಮಟ್ಟಿಗೆ ಇತರ ಕಾಯಿಲೆಗಳಿಗೆ ನೀಡಿದ ಔಷಧಗಳಲ್ಲಿದೆ. ಕೆಮ್ಮು, ಗಂಟಲುನೋವಿಗೆ ಕ್ಲಾರಿಥ್ರೋಮೈಸಿನ್ ವರ್ಗದ ಔಷಧಗಳನ್ನು ಹೆಚ್ಚು ಬಳಸುವ ಯೂರೋಪಿನ ದೇಶಗಳಲ್ಲಿ ಅದರ ಪ್ರತಿರೋಧವೂ ಹೆಚ್ಚೆಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಅಮೀಬಾ ಭೇದಿಗೆ ಮೆಟ್ರೋನಿಡಾಝೋಲ್ ನುಂಗುವ ದೇಶಗಳ ಕಥೆಯೂ ಅಂಥದ್ದೇ. ಗಂಟಲಿಗೆಂದು ನುಂಗಿದ ಮಾತ್ರೆ ಜಠರದಲ್ಲಿ ತೆಪ್ಪಗಿರುವ ಪೈಲೋರಿಯನ್ನೂ ತಲುಪುತ್ತದೆ. ದುರ್ಬಲ ಜೀವಾಣುಗಳು ಸತ್ತು, ವಂಶವಾಹಿಯಲ್ಲಿ ಮಾರ್ಪಾಡು ಹೊಂದಿದವು ಉಳಿದು ಬೆಳೆಯುತ್ತವೆ. ವರ್ಷಗಳ ನಂತರ ಹುಣ್ಣಿನ ಚಿಕಿತ್ಸೆ ಸೋತಾಗಲೇ ಅದರ ಅರಿವಾಗುವುದು.

ಮುಂದಿರುವ ದಾರಿ

ಕ್ಲಾರಿಥ್ರೋಮೈಸಿನ್ ಪ್ರತಿರೋಧ ಶೇ.15ನ್ನು ಮೀರಿದ ಪ್ರದೇಶಗಳಲ್ಲಿ, ಪರೀಕ್ಷೆಯಿಲ್ಲದೆ ಆ ಔಷಧದ ತ್ರಿವಳಿ ಚಿಕಿತ್ಸೆ ನೀಡಬಾರದೆಂದು 2022ರಲ್ಲಿ ಪ್ರಕಟವಾದ ಯೂರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಬದಲಿಗೆ ಆಮ್ಲ ತಗ್ಗಿಸುವ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್ ಹಾಗೂ ಮೆಟ್ರೋನಿಡಾಝೋಲ್ ಸೇರಿದ ಚಿಕಿತ್ಸೆಯನ್ನು ಅದು ಸೂಚಿಸುತ್ತದೆ. ಪ್ರಮಾಣ ಹೆಚ್ಚಿಸಿ 14 ದಿನ ನೀಡಿದರೆ ಮೆಟ್ರೋನಿಡಾಝೋಲ್ ಪ್ರತಿರೋಧವನ್ನು ಭಾಗಶಃ ಮೀರಬಹುದು.

ರೋಗಿಯ ಪಾಲಿಗೂ ಹೊಣೆಯಿದೆ. ಹಿಂದೆ ಸೇವಿಸಿದ ಆಂಟಿಬಯೋಟಿಕ್‌ಗಳ ವಿವರವನ್ನು ವೈದ್ಯರಿಗೆ ತಿಳಿಸಬೇಕು, ಮಾತ್ರೆಗಳನ್ನು ನಡುವೆ ನಿಲ್ಲಿಸಬಾರದು. ಚಿಕಿತ್ಸೆ ಮುಗಿದು ಕನಿಷ್ಠ 4 ವಾರಗಳ ನಂತರ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ, ಸೋಂಕು ಹೋಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ನೋವು ಶಮನವಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ತೊಲಗಿತೆಂದು ಅರ್ಥವಲ್ಲ.